ಪ್ರಶ್ನೋತ್ತರ: ಬದುವಿನಾಚೆಯ ವೈರಿ

ಪ್ರಶ್ನೆ: ಪಕ್ಕದ ಗದ್ದೆಯವರು ನಮ್ಮ ಚರ್ಚಿನ ಸಭೆಯವರೇ. ಬದು ಕಡಿದು ಎರಡು ಅಡಿ ಒತ್ತುವರಿ ಮಾಡಿಕೊಂಡಿದ್ದಾರೆ. ‘ವೈರಿಯನ್ನು ಪ್ರೀತಿಸು ಅಂತ ಕೇಳಿಯೂ ಕೇಸು ಹಾಕ್ತೀಯಾ?’ ಎಂದು ಸಭೆಯ ಹಿರಿಯರೊಬ್ಬರು ಗದರಿದರು. ಬಿಟ್ಟುಬಿಡಬೇಕೇ?
– ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ಬಿಡಬೇಕಿಲ್ಲ. ಬೈಬಲಿನ ಮತ್ತಾಯ 5:44ರಲ್ಲಿ ‘ಪ್ರೀತಿಸಿರಿ’ ಎಂಬಲ್ಲಿ ಗ್ರೀಕ್ ಮೂಲದಲ್ಲಿರುವುದು ‘ಅಗಾಪೆ’ಯ ಕ್ರಿಯಾಪದ. ಅವರನ್ನು ಕಂಡರೆ ಮನಸ್ಸು ಅರಳಬೇಕು ಎಂದೇನಲ್ಲ, ಅವರಿಗೆ ಒಳ್ಳೆಯದಾಗುವ ಕೆಲಸ ಮಾಡಬೇಕು ಎಂದು. ವಿಮೋಚನಕಾಂಡ 23:4–5 ಇದನ್ನು ಬಿಡಿಸಿಯೇ ಹೇಳುತ್ತದೆ: ವೈರಿಯ ಎತ್ತು ತಪ್ಪಿಸಿಕೊಂಡಿದ್ದರೆ ಹಿಡಿದು ತಲುಪಿಸು, ಅವನ ಕತ್ತೆ ಹೊರೆಯಡಿ ಬಿದ್ದಿದ್ದರೆ ಎಬ್ಬಿಸಲು ಕೈಜೋಡಿಸು. ಜಗಳದಲ್ಲಿ ಯಾರದು ಸರಿ ಎಂಬ ಮಾತೇ ಅಲ್ಲಿಲ್ಲ. ಹಾಗಾಗಿ ಅವರ ಹಸು ನಿಮ್ಮ ಕಬ್ಬಿಗೆ ನುಗ್ಗಿದರೆ ದೊಡ್ಡಿಗೆ ಹೊಡೆಯಬೇಡಿ, ಅವರ ಕೊಟ್ಟಿಗೆಗೇ ಹೊಡೆದುಕೊಂಡು ಹೋಗಿ. ನಾಲೆ ನೀರಿನ ಸರದಿ ಮುಗಿದ ಕೂಡಲೇ ಅವರ ಗದ್ದೆಗೆ ತಿರುಗಿಸಿ.

ಜಮೀನಿನ ಮಾತು ಬೇರೆ. ಮತ್ತಾಯ 18:15–17ರಲ್ಲಿ ಮೂರು ಮೆಟ್ಟಿಲಿದೆ: ಮೊದಲು ನೀವೊಬ್ಬರೇ ಹೋಗಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಗೆ ತಿಳಿಸಿ. ನಮ್ಮಲ್ಲಿ ಮೂರನೆಯದರಿಂದಲೇ ಶುರು! ಸಭೆಯ ವಾಟ್ಸಾಪ್ ಗುಂಪಿಗೆ ಬದುವಿನ ಫೋಟೊ ಬಿದ್ದ ಮೇಲೆ, ಬಿಟ್ಟುಕೊಡಬೇಕೆಂದಿದ್ದವರೂ ಮಾನಕ್ಕಂಜಿ ಬಿಡುವುದಿಲ್ಲ.

ಒಬ್ಬರೇ ಹೋಗುವಾಗ ಕೈಯಲ್ಲಿ ಪಹಣಿ ಇರಲಿ, ಹಳೇ ಲೆಕ್ಕ ತೆಗೆಯಬೇಡಿ. ‘ಅಣ್ಣ, ಹದ್ದುಬಸ್ತಿಗೆ ಅರ್ಜಿ ಹಾಕ್ತಾ ಇವ್ನಿ. ಅಳ್ತೆ ದಿಸ ನೀನೂ ಬಂದ್ ನಿಂತ್ಕೊ’ ಎಂದಷ್ಟು ಹೇಳಿ. ಗಡಿ ಅಳೆಯುವ ಸರ್ವೆಯವರ ನೋಟಿಸ್ ಹೇಗೂ ಹೋಗುತ್ತದೆ. ಅದು ಕೈಸೇರುವ ಮುನ್ನ ನಿಮ್ಮ ಬಾಯಿಂದ ಕೇಳಿದ್ದರೆ ಅಳತೆಯ ದಿನ ಗಲಾಟೆ ಕಡಿಮೆ. ಬಾಂದುಕಲ್ಲು ನೆಟ್ಟ ಮೇಲೂ ಒಪ್ಪದಿದ್ದರೆ ಕೋರ್ಟಿಗೆ ಹೋಗಿ. ಅಲ್ಲಿಯೂ ಲೋಕ ಅದಾಲತ್‌ನಲ್ಲಿ ರಾಜಿಗೆ ದಾರಿಯಿದೆ: ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಮೇಲ್ಮನವಿಯ ಎಳೆದಾಟವೂ ಇಲ್ಲ.

ಸಭೆಯವರೊಳಗಿನ ಕೋರ್ಟು ಜಗಳದ ಬಗ್ಗೆ ಪೌಲ ಬರೆದ 1 ಕೊರಿಂಥ 6 ಅನ್ನು ಹಿರಿಯರು ತೋರಿಸಬಹುದು. ಅನ್ಯಾಯವನ್ನು ಯಾಕೆ ಸಹಿಸಬಾರದು ಎಂದು ಪೌಲ ಕೇಳುವುದು ನಿಜ. ಮರುಸಾಲಿನಲ್ಲೇ ಅನ್ಯಾಯ ಮಾಡುವವರನ್ನೂ ತರಾಟೆಗೆ ತೆಗೆದುಕೊಳ್ಳುತ್ತಾನೆ. ಆ ಸಾಲನ್ನು ಪಕ್ಕದ ಗದ್ದೆಯವರಿಗೂ ಓದಿ ಹೇಳಲಿ.

ಪ್ರಶ್ನೆ: ಕಥೋಲಿಕ, ಸಿಎಸ್‌ಐ (ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆ) ಯುವಕರು ಸೇರಿ ಜನವರಿಯಲ್ಲಿ ಐಕ್ಯತಾ ಪ್ರಾರ್ಥನೆ ಇಟ್ಟುಕೊಂಡಿದ್ದೇವೆ. ಎಲ್ಲಿ ಎಡವಬಹುದು?
– ಯುವಜನರು, ಮೈಸೂರು

ಉತ್ತರ: ಜನವರಿ 18ರಿಂದ 25ರ ಈ ವಾರ 1908ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, 25 ಪೌಲನ ಮನಪರಿವರ್ತನೆಯ ಹಬ್ಬ. ಜನ ಎಡವುವುದು ಸಿದ್ಧಾಂತದಲ್ಲಲ್ಲ, ಯೇಸು ಕಲಿಸಿದ ಪ್ರಾರ್ಥನೆಯಲ್ಲಿ! ಒಂದು ಸಾಲಿನವರು ‘ಸ್ವರ್ಗದಲ್ಲಿರುವ’ ಎಂದರೆ ಇನ್ನೊಂದು ಸಾಲಿನವರು ‘ಪರಲೋಕದಲ್ಲಿರುವ’ ಎನ್ನುತ್ತಾರೆ. ಕಥೋಲಿಕರು ನಿಲ್ಲಿಸಿದ ಮೇಲೂ ಸಿಎಸ್‌ಐನವರು ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದುವರಿಸುತ್ತಾರೆ, ಅರ್ಧ ಚರ್ಚು ಮುಖ ಮುಖ ನೋಡಿಕೊಳ್ಳುತ್ತದೆ. ಒಂದೇ ಪಾಠವನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ ಹಂಚಿ. ಹಾಡುಗಳಿಗೂ ಅದೇ, ಎರಡು ಕಡೆಯ ಪುಸ್ತಕ ಬೇರೆ. ಇಬ್ಬರಿಗೂ ರಾಗ ಗೊತ್ತಿರುವ ಮೂರು ಸಾಕು. ರೊಟ್ಟಿ, ದ್ರಾಕ್ಷಾರಸದ ವಿಧಿಯನ್ನು, ಅಂದರೆ ಕಥೋಲಿಕರ ಬಲಿಪೂಜೆಯಾಗಲಿ ಸಿಎಸ್‌ಐನವರ ಕರ್ತನ ಭೋಜನವಾಗಲಿ, ಸೇರಿಸಬೇಡಿ. ವಾಚನ, ಮೌನ, ಬಿನ್ನಹ ಸೇರಿ ಒಂದು ಗಂಟೆ. ಯಾರ ಚರ್ಚಿನಲ್ಲಿ ನಡೆಯುತ್ತದೋ ಅವರು ಸ್ವಾಗತಿಸಲಿ, ಪ್ರಸಂಗ ಬಂದವರದ್ದಾಗಲಿ. ಕಾಣಿಕೆ ಯಾರಿಗೆ ಎಂಬುದನ್ನು ಮೊದಲೇ ತೀರ್ಮಾನಿಸಿ.

ಎರಡು ಮೀಟಿಂಗಿಗೇ ಬೇಸತ್ತಿರಾದರೆ ಸಿಎಸ್‌ಐ ಹುಟ್ಟಿದ ಬಗೆ ನೋಡಿ: ಬೇರೆ ಬೇರೆ ಸಭೆಗಳು ಒಂದಾಗಬೇಕೆಂದು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಎದ್ದ ಮಾತು ಕೈಗೂಡಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ.

ಪ್ರಶ್ನೆ: ನಾನು ಸಿಎಸ್‌ಐ. ಕಥೋಲಿಕ ಗೆಳತಿಯ ಮದುವೆಯ ಬಲಿಪೂಜೆಯಲ್ಲಿ ಪರಮಪ್ರಸಾದ (ಅಲ್ಲಿ ಹಂಚುವ ರೊಟ್ಟಿ) ತೆಗೆದುಕೊಳ್ಳಬಹುದೇ?
– ಓದುಗರು, ಮೈಸೂರು

ಉತ್ತರ: ಕಥೋಲಿಕ ನಿಯಮದಂತೆ ಸಾಮಾನ್ಯವಾಗಿ ಇಲ್ಲ. ಎಲ್ಲರೂ ಸಾಲಿಗೆ ಎದ್ದಾಗ ನಿಮ್ಮ ಜಾಗದಲ್ಲೇ ಕುಳಿತು ಪ್ರಾರ್ಥಿಸಿ, ಯಾರೂ ತಪ್ಪು ತಿಳಿಯುವುದಿಲ್ಲ.