ಹಿಮ್ಮಡಿ ಚುಚ್ಚಿ ರಕ್ತ ತೆಗೆದರು, ಈಗ ಮತ್ತೆ ಕರೆಯುತ್ತಿದ್ದಾರೆ

ಪ್ರಶ್ನೆ: ಮೇಡಂ, ಮಗಳಿಗೆ ಹೆರಿಗೆಯಾಗಿ 9 ದಿನ ಆಯಿತು. ಗಂಡುಮಗು. ಹುಟ್ಟಿದ ಮರುದಿನವೇ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ತೆಗೆದುಕೊಂಡರು. ಈಗ ಫೋನ್ ಮಾಡಿ ‘ಟಿಎಸ್‌ಎಚ್ ಜಾಸ್ತಿ ಇದೆ, ಮತ್ತೆ ಬನ್ನಿ’ ಅಂತಾರೆ. ಮಗು ಚೆನ್ನಾಗಿ ಮಲಗುತ್ತದೆ, ಅಳುವುದೇ ಇಲ್ಲ. ತಿಂಗಳು ಕಳೆಯಲಿ ಅನ್ನುತ್ತಾರೆ ನಮ್ಮಮ್ಮ. ಮಗಳನ್ನು ನನ್ನ ತಮ್ಮನಿಗೇ ಕೊಟ್ಟಿದ್ದೇವೆ. ಅದಕ್ಕೇ ಹೀಗಾಯಿತಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಮ್ಮಾ, ನಿಮ್ಮ ಮೇಲ್ ಓದಿದ ಕೂಡಲೇ ಫೋನ್ ಮಾಡಿ ‘ನಾಳೆ ಬೆಳಿಗ್ಗೆಯೇ ಹೋಗಿ’ ಅಂದೆನಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ, ಬೇರೆ ಮನೆಯವರಿಗೂ ಬೇಕಾಗುತ್ತದೆ.

ಟಿಎಸ್‌ಎಚ್ ಅಂದರೆ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಗೆ ‘ಕೆಲಸ ಮಾಡು’ ಅಂತ ಮೆದುಳಿನ ಬುಡದಿಂದ ಬರುವ ಹಾರ್ಮೋನ್. ಥೈರಾಯ್ಡ್ ಸರಿಯಾಗಿ ಕೆಲಸ ಮಾಡದಿದ್ದರೆ ಅದು ಜಾಸ್ತಿಯಾಗುತ್ತದೆ. ಆದರೆ ಹುಟ್ಟಿದ ತಕ್ಷಣ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಏರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅದಕ್ಕೇ 48 ಗಂಟೆ ಕಳೆದ ಮೇಲೆ ರಕ್ತ ತೆಗೆಯುವುದು ಒಳ್ಳೆಯದು. ನಿಮ್ಮ ಮಗುವಿನದು ಬೇಗ ತೆಗೆದಿದ್ದಾರೆ. ಹಾಗಾಗಿ ಇದು ಬರೀ ಆ ಏರಿಕೆ ಇರಬಹುದು. ಆದರೆ ರಕ್ತನಾಳದಿಂದ ರಕ್ತ ತೆಗೆದು ಟಿಎಸ್‌ಎಚ್, ಜೊತೆಗೆ ಫ್ರೀ ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನ್) ನೋಡದೆ ಯಾರೂ ಹಾಗೆ ಹೇಳುವಂತಿಲ್ಲ.

‘ಅಳುವುದೇ ಇಲ್ಲ’ ಅಂದಿರಲ್ಲ, ಆ ಮಾತಿಗೇ ನಾನು ಫೋನ್ ಮಾಡಿದ್ದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ 8 ತಿಂಗಳ ಒಂದು ಹೆಣ್ಣುಮಗುವನ್ನು ಕರೆತಂದಿದ್ದರು. ‘ಎಷ್ಟು ಸಾಧು ಮಗು’ ಅಂತ ಮನೆಯವರೆಲ್ಲ ಹೊಗಳಿದ್ದರಂತೆ. ಕತ್ತು ನಿಂತಿರಲಿಲ್ಲ, ಹೊಕ್ಕುಳು ಉಬ್ಬಿತ್ತು, ದನಿ ಗೊಗ್ಗರಾಗಿತ್ತು. ಥೈರಾಯ್ಡ್ ಇರಲೇ ಇಲ್ಲ. ಥೈರಾಯ್ಡ್ ಹಾರ್ಮೋನಿನ ಮಾತ್ರೆ ಶುರು ಮಾಡಿದೆವು, ಮಗು ಬೆಳೆಯಿತು, ಆದರೆ ಬುದ್ಧಿ ಪೂರ್ತಿ ಚೇತರಿಸಲಿಲ್ಲ. ಹುಟ್ಟಿದ ಎರಡು ವಾರದೊಳಗೆ ಶುರು ಮಾಡಿದ ಮಕ್ಕಳು ಸಾಮಾನ್ಯವಾಗಿ ಎಲ್ಲರಂತೆ ಓದುತ್ತಾರೆ. ದಿನಕ್ಕೊಂದು ಸಣ್ಣ ಮಾತ್ರೆ, ಚಮಚದಲ್ಲಿ ಪುಡಿ ಮಾಡಿ ತಾಯಿಹಾಲಿನಲ್ಲಿ ಕಲಸಿ ಕೊಡುವುದು, ಅಷ್ಟೇ.

ಕಾಗದದ ಮೇಲೆ ರಕ್ತದ ಹನಿ ತೆಗೆದು ಪರೀಕ್ಷಿಸುವ ಈ ವಿದ್ಯೆ ಹೊಸದಲ್ಲ. 1960ರ ದಶಕದ ಶುರುವಿನಲ್ಲಿ ಅಮೆರಿಕದ ರಾಬರ್ಟ್ ಗತ್ರಿ ತಂದದ್ದು. 1980ರ ದಶಕದಲ್ಲೇ ಬೆಂಗಳೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತ ಪರೀಕ್ಷಿಸಿ ಅಮೈನೋ ಆಮ್ಲದ (ಪ್ರೋಟೀನಿನ ತುಣುಕುಗಳನ್ನು ಮೈ ಸರಿಯಾಗಿ ಬಳಸಲಾಗದ) ಕಾಯಿಲೆಗಳನ್ನು ಹುಡುಕಿದ್ದರು. ಈಗ ಟ್ಯಾಂಡೆಮ್ ಮಾಸ್ ಅನ್ನುವ ಯಂತ್ರಕ್ಕೆ ರಕ್ತ ಒಣಗಿದ ಆ ಕಾಗದದ 3 ಮಿಲಿಮೀಟರ್ ಅಗಲದ ಚೂರು ಸಾಕು. ಎರಡು ಮೂರು ನಿಮಿಷದಲ್ಲಿ ಹತ್ತಾರು ಕಾಯಿಲೆಗಳ ಸುಳಿವು ಕೊಡುತ್ತದೆ. ಆದರೆ ಥೈರಾಯ್ಡ್ ಅದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ. ದುಡ್ಡು ಕಟ್ಟುವಾಗ ‘ಟಿಎಸ್‌ಎಚ್ ಸೇರಿದೆಯಾ’ ಅಂತ ಎಲ್ಲರೂ ಕೇಳಿ.

ಇನ್ನು ಸಂಬಂಧದ ಮದುವೆ. ಬಹಳಷ್ಟು ಮಕ್ಕಳಲ್ಲಿ ಗ್ರಂಥಿಯೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಅದು ಹೆಚ್ಚಾಗಿ ವಂಶದಿಂದ ಬರುವುದಲ್ಲ. ಕೆಲವರಲ್ಲಿ ಮಾತ್ರ ಗ್ರಂಥಿ ಇದ್ದೂ ಹಾರ್ಮೋನ್ ತಯಾರಾಗುವುದಿಲ್ಲ. ಅಂಥದ್ದು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ, ಹತ್ತಿರದ ಸಂಬಂಧದಲ್ಲಿ ಜಾಸ್ತಿ. ಕಾಯಿಲೆ ಖಚಿತವಾದರೆ ಸ್ಕ್ಯಾನ್ ಮಾಡಿಸಿ. ಮುಂದಿನ ಬಸಿರಿಗೆ ಮೊದಲು ಜೆನೆಟಿಕ್ಸ್ ಡಾಕ್ಟರ ಹತ್ತಿರ ಕೂತು ಮಾತಾಡಿ. ಬಾಣಂತಿಯ ಮುಂದೆ ಈಗ ಈ ಮಾತು ಬೇಡ.

ನಿನ್ನೆ ರಕ್ತ ಕೊಟ್ಟು ಬಂದಿರಿ ಅಂತ ಮೆಸೇಜ್ ನೋಡಿದೆ. ರಿಪೋರ್ಟ್ ಬಂದ ಕೂಡಲೇ ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.