ಮಗುವಾಗಿದ್ದಾಗ ಜ್ಞಾನಸ್ನಾನ ಆಗಿದೆ, ಈಗ ಮತ್ತೆ ಮುಳುಗಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತವರು ಮುದಗಲ್, ಕಥೋಲಿಕರ ಮನೆ. ಸಿಂಧನೂರಿನ ವಿಶ್ವಾಸಿಗಳ (ದೊಡ್ಡವರಾಗಿ ನಂಬಿದವರನ್ನೇ ನೀರಿನಲ್ಲಿ ಮುಳುಗಿಸುವ ಸಭೆಯವರ) ಮನೆಗೆ ಸೊಸೆಯಾಗಿ ಬಂದಿದ್ದೀರಿ. ಹಸುಗೂಸಾಗಿದ್ದಾಗ ಆದ ಜ್ಞಾನಸ್ನಾನ (ನಾವು ದೀಕ್ಷಾಸ್ನಾನ ಎನ್ನುವ ಬ್ಯಾಪ್ಟಿಸಮ್) ಲೆಕ್ಕಕ್ಕಿಲ್ಲ, ನೀನಿನ್ನೂ ಹೊಸದಾಗಿ ಹುಟ್ಟಿಲ್ಲ, ರಕ್ಷಣೆಯೂ (ಪಾಪದಿಂದ ಬಿಡುಗಡೆ) ಆಗಿಲ್ಲ ಎಂದು ಅತ್ತೆ ಹೇಳುತ್ತಿದ್ದಾರೆ. ಎಡದಂಡೆ ಕಾಲುವೆಗೆ ನೀರು ನಿಲ್ಲಿಸುವ ಮೊದಲೇ ಮುಳುಗಿ ದೀಕ್ಷಾಸ್ನಾನ ತೆಗೆದುಕೊಳ್ಳಬೇಕೆಂದು ಪಾಸ್ಟರ್ ದಿನವನ್ನೂ ಗೊತ್ತು ಮಾಡಿದ್ದಾರೆ. ಯಾರು ಹೇಳುವುದು ನಿಜ ಎಂಬುದು ನಿಮ್ಮ ಪ್ರಶ್ನೆ.

ನಾನು ದೇವಶಾಸ್ತ್ರ ಓದಿದವನಲ್ಲ. ಬಳ್ಳಾರಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟವನು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟೆಂಟ್ ಸಭೆಯವನು. ಆದರೆ ಈ ಜಗಳ ನಮ್ಮ ಮನೆಯೊಳಗೇ ನಡೆದಿದೆ. ನನ್ನ ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ ಪೆಂಟೆಕೋಸ್ಟ್ ಸಭೆ ಸೇರಿ, ಇಲ್ಲಿಯ ಮೇಲ್ಮಟ್ಟದ ಕಾಲುವೆಯಲ್ಲಿ ಮುಳುಗಿದ. ಸೆಳೆತ ಜೋರಾಗಿತ್ತು. ಇಬ್ಬರು ಅವನ ರಟ್ಟೆ ಹಿಡಿದಿದ್ದರು, ಬಿಳಿ ಪಂಚೆ ನೀರಿನಲ್ಲಿ ಉಬ್ಬಿ ಮೇಲೆ ತೇಲುತ್ತಿತ್ತು. ನಮ್ಮವ್ವ ದಡದ ಮೇಲೆ ನಿಂತಿದ್ದಳು. ಅವನು ಕೂಸಾಗಿದ್ದಾಗ ನಮ್ಮ ಸಭೆಯ ಅಯ್ಯನವರು (ಪಾದ್ರಿ) ಬರೆದುಕೊಟ್ಟಿದ್ದ ದೀಕ್ಷಾಸ್ನಾನದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿ ಇಟ್ಟುಕೊಂಡೇ ಬಂದಿದ್ದಳು. ಯಾರಿಗೂ ತೋರಿಸಲಿಲ್ಲ. ಮನೆಗೆ ಬಂದ ಮೇಲೆ, "ಹಾಗಾದರೆ ಅವತ್ತು ನಾನು ಮಾಡಿಸಿದ್ದೇನು?" ಎಂದು ಒಂದೇ ಮಾತು ಕೇಳಿದಳು. ತಮ್ಮನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಇರಲಿಲ್ಲ. ಅಂದಿನಿಂದ ಓದತೊಡಗಿದೆ.

ಓದಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ವ್ಯಾಕರಣವೇ. ಬೈಬಲಿನ ಹಲವು ಪತ್ರಗಳನ್ನು ಬರೆದ ಪೌಲನು ರಕ್ಷಣೆಯ ಮಾತನ್ನು ಮೂರು ಕಾಲಗಳಲ್ಲಿಯೂ ಆಡುತ್ತಾನೆ. ಎಫೆಸದವರಿಗೆ ಬರೆಯುವಾಗ (2:8) ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ ಆಗಿಹೋಗಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (1:18) ಅದು ಆಗುತ್ತಿದೆ. ರೋಮಿನವರಿಗೆ ಬರೆಯುವಾಗ (5:9) ಇನ್ನು ಮುಂದೆ ಆಗಲಿದೆ. ನಿಮ್ಮ ಅತ್ತೆ ಭೂತಕಾಲವನ್ನು ಹಿಡಿದಿದ್ದಾರೆ. ಇಂಥ ದಿನ, ಇಂಥ ಕೂಟದಲ್ಲಿ ರಕ್ಷಣೆ ಹೊಂದಿದೆ ಎಂದು ಸಾಕ್ಷಿ ಹೇಳಬಲ್ಲವರು ಅವರು. ನಿಮ್ಮ ತವರಿನ ಫಾದರ್ ಮೂರನ್ನೂ ಹಿಡಿದಿದ್ದಾರೆ. ಜ್ಞಾನಸ್ನಾನದಲ್ಲಿ ಹೊಸ ಹುಟ್ಟು ಆಯಿತು, ಪಾಪನಿವೇದನೆ ಮತ್ತು ಪೂಜೆಯ ಮೂಲಕ ಅದು ಬೆಳೆಯುತ್ತಿದೆ, ದೊಡ್ಡ ಪಾಪ ಮಾಡಿದರೆ ಕಳೆದುಹೋಗಲೂಬಹುದು, ಕೊನೆಯ ಮಾತು ಕೊನೆಗೇ. ಆದ್ದರಿಂದ "ನಿನಗೆ ರಕ್ಷಣೆ ಆಗಿದೆಯಾ?" ಎಂಬ ಒಂದೇ ಪ್ರಶ್ನೆ ಎರಡು ಮನೆಗಳಲ್ಲಿ ಎರಡು ಅರ್ಥ ಕೊಡುತ್ತದೆ. ನೀವು ತಬ್ಬಿಬ್ಬಾದದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಕಥೋಲಿಕರು ಪುಣ್ಯ ಮಾಡಿ ಸ್ವರ್ಗವನ್ನು ಕೊಂಡುಕೊಳ್ಳುತ್ತಾರೆ ಎಂಬ ಮಾತು ಅತ್ತೆಯ ಮನೆಯಲ್ಲಿ ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಸರಿಯಲ್ಲ. ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರನಿಗೆ ಉತ್ತರವಾಗಿ ನಡೆದ ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಹೊರಡಿಸಿದ ತೀರ್ಪಿನ ಮೊದಲ ವಿಧಿಯೇ, ದೇವರ ಕೃಪೆಯಿಲ್ಲದೆ ತನ್ನ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಲ್ಲ ಎನ್ನುವವರನ್ನು ಖಂಡಿಸುತ್ತದೆ. ಕೃಪೆ ಮೊದಲು ಎಂಬುದರಲ್ಲಿ ಜಗಳವಿಲ್ಲ. ನಂಬಿಕೆ ಒಂದೇ ಸಾಕೇ, ಅದರೊಳಗೆ ಪ್ರೀತಿ ಮತ್ತು ಕ್ರಿಯೆಗಳೂ ಸೇರಬೇಕೇ ಎಂಬುದರಲ್ಲಿ ಜಗಳ. ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದಲೂ ಎನ್ನುವ ಯಾಕೋಬನ ಪತ್ರದ 2:24 ಅನ್ನು ಕಥೋಲಿಕರು ಮುಂದಿಡುತ್ತಾರೆ, ಎಫೆಸದ 2:8 ಅನ್ನು ಪ್ರಾಟೆಸ್ಟೆಂಟರು. ಆ ಜಗಳವೂ ಈಗ ಮೊದಲಿನಷ್ಟು ಬಿಸಿಯಾಗಿಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕರು ಮತ್ತು ಲೂಥರನ್ನರು ಈ ವಿಷಯದಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥೋಡಿಸ್ಟರೂ ಅದನ್ನು ಒಪ್ಪಿಕೊಂಡರು.

ಇನ್ನು ಮುಳುಗುವ ಮಾತು. ಕೂಸುಗಳ ದೀಕ್ಷಾಸ್ನಾನ ಕಥೋಲಿಕರದ್ದು, ದೊಡ್ಡವರದ್ದು ಬೈಬಲಿನದ್ದು ಎಂದು ಅತ್ತೆ ಹೇಳುತ್ತಿರಬಹುದು. ಆದರೆ ಪ್ರಾಟೆಸ್ಟೆಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಇಬ್ಬರೂ ಕೂಸುಗಳ ದೀಕ್ಷಾಸ್ನಾನವನ್ನು ಉಳಿಸಿಕೊಂಡವರು. ನಂಬಿ ಬಂದವರಿಗೆ ಮಾತ್ರ ಎಂದು ಹಟ ಹಿಡಿದವರು 1525ರಲ್ಲಿ ಜ್ಯೂರಿಕ್ ಪಟ್ಟಣದ ಒಂದು ಸಣ್ಣ ಗುಂಪಿನವರು. ಎರಡೇ ವರ್ಷದಲ್ಲಿ ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾನ್ಸ್ ಎಂಬುವನನ್ನು ಅಲ್ಲಿಯ ಪ್ರಾಟೆಸ್ಟೆಂಟ್ ಸರ್ಕಾರವೇ ನದಿಯಲ್ಲಿ ಮುಳುಗಿಸಿ ಕೊಂದಿತು. ಇದನ್ನು ಓದಿದ ದಿನ ತಮ್ಮನ ಮೇಲಿದ್ದ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಅವನ ಪಾಸ್ಟರ್ ಮುಳುಗಿಸುವುದು ಹಟಕ್ಕಲ್ಲ, ಆ ನಂಬಿಕೆಗಾಗಿ ಜೀವ ಕೊಟ್ಟವರಿದ್ದಾರೆ.

ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯವನ್ನೂ ಒಮ್ಮೆ ನಿಧಾನವಾಗಿ ಓದಿ. ಇಡೀ ಬೈಬಲು ಕನ್ನಡಕ್ಕೆ ಬಂದಿದ್ದು ನಮ್ಮ ಬಳ್ಳಾರಿಯಲ್ಲಿಯೇ. 1810ರಲ್ಲಿ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆ 1831ರಲ್ಲಿ ಮುಗಿಯಿತು. (ಈ ಊರಿನವನಾಗಿ ಇದನ್ನು ಹೇಳದೆ ಇರಲಾರೆ.) ನಾವು ಓದುವ ಕನ್ನಡ ಬೈಬಲಿನಲ್ಲಿ ಯೇಸು, ರಾತ್ರಿ ತನ್ನ ಬಳಿ ಬಂದ ಯೆಹೂದ್ಯ ಬೋಧಕ ನಿಕೊದೇಮನಿಗೆ "ಹೊಸದಾಗಿ" ಹುಟ್ಟಬೇಕು ಎನ್ನುತ್ತಾನೆ. ಮೂಲ ಗ್ರೀಕಿನ "ಆನೋಥೆನ್" ಎಂಬ ಪದಕ್ಕೆ "ಮತ್ತೆ" ಎಂದೂ "ಮೇಲಿನಿಂದ" ಎಂದೂ ಎರಡು ಅರ್ಥ. ಮುದುಕ ಮತ್ತೆ ತಾಯಿಯ ಹೊಟ್ಟೆ ಸೇರುವುದು ಹೇಗೆ ಎಂದು ನಿಕೊದೇಮ ಮೊದಲನೆಯ ಅರ್ಥವನ್ನಷ್ಟೇ ಹಿಡಿದು ಎಡವುತ್ತಾನೆ. ಕನ್ನಡದಲ್ಲಿ ಆ ಎರಡನೆಯ ಅರ್ಥ ಕಾಣದಂತಾಗುವುದರಿಂದ ನಾವೂ ಅವನ ಹಿಂದೆಯೇ ಎಡವುತ್ತೇವೆ, ಎಷ್ಟನೆಯ ತಾರೀಖಿಗೆ ಹುಟ್ಟಿದಿರಿ ಎಂದು ಲೆಕ್ಕ ಕೇಳುತ್ತೇವೆ. ಹುಟ್ಟುವ ಕೂಸು ತಾನಾಗಿ ಏನು ಮಾಡುತ್ತದೆ ಹೇಳಿ? ನೋವು, ದುಡಿಮೆ ಎಲ್ಲವೂ ತಾಯಿಯದು.

ನನ್ನ ಅಭಿಪ್ರಾಯ ಬೇಕೆಂದಿದ್ದೀರಿ. ನಿಮಗೆ ಮೊದಲೇ ಆದದ್ದು ದೀಕ್ಷಾಸ್ನಾನವೇ ಎಂದು ನಾನು ನಂಬುತ್ತೇನೆ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಒಮ್ಮೆ ಆದದ್ದನ್ನು ಕಥೋಲಿಕರಾಗಲಿ ನಮ್ಮ ಸಭೆಯಾಗಲಿ ಮತ್ತೆ ಮಾಡುವುದಿಲ್ಲ. ಅತ್ತೆಯವರ ಸಭೆ ಅದನ್ನು ಒಪ್ಪುವುದಿಲ್ಲ, ಇಬ್ಬರನ್ನೂ ಒಟ್ಟಿಗೆ ಮೆಚ್ಚಿಸಲು ಆಗುವುದಿಲ್ಲ. ನಿಮಗೇ ಮನವರಿಕೆಯಾಗಿ ಮುಳುಗಿದರೆ ನಿಮ್ಮ ಮೇಲೆ ಒಂದು ಮಾತೂ ಆಡೆನು. ಆದರೆ ಒಲೆಯ ಮುಂದೆ ದಿನಾ ಚುಚ್ಚುಮಾತು ಕೇಳಲಾಗದೆ ಮುಳುಗಬೇಡಿ. ಪಾಸ್ಟರಿಗೆ ತಿಳಿಸಿ, ನನಗಿನ್ನೂ ಓದುವುದಿದೆ ಎಂದು. ತಡವಾಗುತ್ತದೆ ಎಂದು ಅವರು ಅವಸರ ಮಾಡಿದರೆ, ಕಾಲುವೆಗೆ ಮುಂದಿನ ಮಳೆಗಾಲದಲ್ಲಿಯೂ ನೀರು ಬಿಡುತ್ತಾರೆ.