ಹಸಿರು ಶಾಯಿಯ ಸಹಿ: ಒಂದು ಆಪ್ತಸಲಹೆ ಪ್ರಕರಣ

ಡಿಸೆಂಬರ್ ಮೊದಲ ವಾರದಲ್ಲಿ ಮಡಿಕೇರಿಯ ನನ್ನ ಕೊಠಡಿಗೆ ತಾಯಿಯೊಂದಿಗೆ ಬಂದ ಯುವಕರೊಬ್ಬರ ಪ್ರಕರಣವಿದು. ಬರೆಯಲು ಅವರ ಒಪ್ಪಿಗೆಯಿದೆ. ಗುರುತು ಹತ್ತದಂತೆ ವಯಸ್ಸು, ಊರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಸೋಮವಾರಪೇಟೆ ಕಡೆಯವರು, ವಯಸ್ಸು 27, ಪದವೀಧರರು. ತಂದೆ ಇಲ್ಲದ ಮನೆಯಲ್ಲಿ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟವನ್ನು ತಾಯಿಯೊಂದಿಗೆ ನೋಡಿಕೊಳ್ಳುತ್ತ ಕೆಎಎಸ್ ಪರೀಕ್ಷೆಗೆ ಸಿದ್ಧತೆ ನಡೆಸಿದ್ದರು. ಎರಡು ಬಾರಿ ಪೂರ್ವಭಾವಿ ಹಂತದಲ್ಲೇ ನಿಂತುಹೋಗಿತ್ತು. ರಾತ್ರಿ ನಿದ್ದೆ ಬರುವುದಿಲ್ಲ, ಪುಸ್ತಕ ತೆರೆದರೆ ಎದೆ ಬಿಗಿಯುತ್ತದೆ ಎಂಬುದು ದೂರು.

ಅವರು ಕೇಳಿದ ಪ್ರಶ್ನೆ ಮಾತ್ರ ಬೇರೆಯದೇ ಆಗಿತ್ತು: “ನಾನು ಇನ್ನೂ ಪಾಸಿಟಿವ್ ಆಗೋದು ಹೇಗೆ ಅಂತ ಹೇಳಿ ಮೇಡಂ.”

ಮೊದಲ ಭೇಟಿಯಲ್ಲಿ ಊಟ, ನಿದ್ದೆ, ಬದುಕು ಬೇಡವೆನಿಸುವ ಯೋಚನೆ ಇವುಗಳನ್ನು ನೇರವಾಗಿಯೇ ಕೇಳಿದೆ. ತೀವ್ರ ಖಿನ್ನತೆಯ ಲಕ್ಷಣ ಕಾಣಲಿಲ್ಲ. ಆದರೂ ಎದೆಬಿಗಿತಕ್ಕೆ ವೈದ್ಯರಿಗೆ ತೋರಿಸಿಬರಲು ಹೇಳಿದೆ, ಅಲ್ಲಿಯೂ ತೊಂದರೆ ಕಂಡುಬರಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ನನ್ನಲ್ಲಿಗೆ ಬರಲಾಗದು ಎಂದು ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅನ್ನು ಬರೆದುಕೊಟ್ಟೆ.

ಎರಡನೇ ಭೇಟಿಗೆ ಅವರು ತಮ್ಮ ದಿನಚರಿಯನ್ನು ತಂದರು. ಪ್ರತಿ ಪುಟದ ಮೇಲೂ “ನಾನು ಅಧಿಕಾರಿಯಾಗಿದ್ದೇನೆ” ಎಂದು ಇಪ್ಪತ್ತೊಂದು ಸಲ ಬರೆದಿತ್ತು. ಯಾವುದೋ ವಿಡಿಯೋ ನೋಡಿ ಕಲಿತದ್ದಂತೆ. ಪುಟದ ಕೊನೆಗೆ ಹಸಿರು ಶಾಯಿಯಲ್ಲಿ ಸಹಿ. ಗೆಜೆಟೆಡ್ ಅಧಿಕಾರಿಯ ಸಹಿಯನ್ನು ಈಗಲೇ ರೂಢಿ ಮಾಡಿಕೊಳ್ಳುತ್ತಿದ್ದರು. ಸಹಿ ಚೆಂದವಾಗಿತ್ತು, ಅದನ್ನು ಹೇಳಿಯೂ ಹೇಳಿದೆ. ಆಮೇಲೆ, ಕಳೆದ ಒಂದು ತಿಂಗಳಲ್ಲಿ ಎಷ್ಟು ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬಿಡಿಸಿದ್ದೀರಿ ಎಂದು ಕೇಳಿದೆ. ಒಂದೂ ಇರಲಿಲ್ಲ. ಎರಡನೇ ಬಾರಿ ಸೋತಂದಿನಿಂದ ಒಂದನ್ನೂ ಬಿಡಿಸಿರಲಿಲ್ಲ. ಅಂಕ ಕಡಿಮೆ ಬಂದರೆ ಕಟ್ಟಿಕೊಂಡ ಚಿತ್ರ ಕೆಡುತ್ತದೆ ಎಂಬ ಭಯವನ್ನು ಅವರು ಬಾಯಿಬಿಟ್ಟು ಹೇಳಲು ಅರ್ಧ ಗಂಟೆ ಹಿಡಿಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಸಕಾರಾತ್ಮಕ ಚಿಂತನೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸಂಗತಿಗಳು ಓಡಾಡುತ್ತಿವೆ. ಮನೋವಿಜ್ಞಾನಿ ಗೇಬ್ರಿಯೆಲ್ ಓಟಿಂಗೆನ್ ಮತ್ತು ಥಾಮಸ್ ವಾಡನ್ 1991ರಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಸೇರಿದ್ದ ಮಹಿಳೆಯರನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನನ್ನಿಂದ ಇದು ಸಾಧ್ಯ’ ಎಂಬ ನಿರೀಕ್ಷೆಯಿದ್ದವರು ಹೆಚ್ಚು ತೂಕ ಇಳಿಸಿದ್ದರು. ತೆಳ್ಳಗಾದ ತಮ್ಮ ರೂಪವನ್ನು ಸುಖವಾಗಿ ಕಲ್ಪಿಸಿಕೊಳ್ಳುತ್ತಿದ್ದವರು ಕಡಿಮೆ ಇಳಿಸಿದ್ದರು. ಕೆಲಸ ಹುಡುಕುತ್ತಿದ್ದ ಪದವೀಧರರ ವಿಷಯದಲ್ಲಿಯೂ 2002ರಲ್ಲಿ ಇಂಥದೇ ಫಲಿತಾಂಶ ಬಂದಿತು: ಕನಸಿನಲ್ಲಿ ಹೆಚ್ಚು ತೇಲಿದವರು ಅರ್ಜಿ ಹಾಕಿದ್ದೇ ಕಡಿಮೆ. ಮಾಡಿದ ಕೆಲಸದ ಅನುಭವದಿಂದ ಹುಟ್ಟಿದ ಭರವಸೆ ಕೈಕಾಲಿಗೆ ಬಲ ಕೊಡುತ್ತದೆ. ಗೆಲುವನ್ನು ಮುಂಗಡವಾಗಿ ಅನುಭವಿಸಿಬಿಟ್ಟ ಮನಸ್ಸಾದರೋ ದಣಿವಾರಿಸಿಕೊಂಡು ಕೂರುತ್ತದೆ.

ಇದನ್ನೆಲ್ಲ ಅವರಿಗೆ ಉಪನ್ಯಾಸವಾಗಿ ಹೇಳಲಿಲ್ಲ. ತೋಟದ ಬಗ್ಗೆ ಕೇಳಿದೆ. ರೊಬಸ್ಟಾಕ್ಕೆ ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಬೇಕು. ಹೂವರಳಿದ ಕೆಲವು ವಾರಗಳಲ್ಲಿ ಮತ್ತೊಂದು ಮಳೆ ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. “ಮಳೆ ಬಂದೇ ಬರುತ್ತದೆ ಎಂದು ನಂಬಿ ಕೂರುತ್ತೀರಾ?” ಎಂದೆ. “ಹಾಗೆ ಕೂತ್ರೆ ಆಗುತ್ತಾ ಮೇಡಂ? ಕೆರೆಯಲ್ಲಿ ನೀರೆಷ್ಟಿದೆ ಅಂತ ಜನವರಿಯಲ್ಲೇ ನೋಡ್ತೀವಿ. ಪಂಪು ರಿಪೇರಿ ಮಾಡಿಸಿಡ್ತೀವಿ. ಇಂಥ ದಿನದೊಳಗೆ ಮಳೆ ಬರದಿದ್ರೆ ಸ್ಪ್ರಿಂಕ್ಲರ್ ಹಾಕೋದೇ,” ಎಂದರು. ಬೆಳೆ ಬರುತ್ತದೆಂಬ ಆಸೆ, ಅಡ್ಡಿ ಯಾವುದೆಂಬ ಅರಿವು, ಅಡ್ಡಿ ಎದುರಾದರೆ ಏನು ಮಾಡಬೇಕೆಂಬ ನಿರ್ಧಾರ ಮೂರೂ ಆ ಉತ್ತರದಲ್ಲಿದ್ದವು. ಓಟಿಂಗೆನ್ ಮತ್ತು ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಗಳಿಂದ ನಾನು ಕಲಿತು ಬಂದಿದ್ದ ಕ್ರಮವನ್ನು ಅವರು ತೋಟದಲ್ಲಿ ವರ್ಷ ವರ್ಷವೂ ಮಾಡುತ್ತಿದ್ದರು, ಓದುವ ಮೇಜಿನ ಮುಂದೆ ಮಾತ್ರ ಮರೆತಿದ್ದರು.

ಅಡ್ಡಿಗಳನ್ನು ಬರೆಯಲು ಹೇಳಿದಾಗ ಮೊದಲು ಬಂದದ್ದು ಕರೆಂಟು, ನೆಟ್‌ವರ್ಕ್, ತೋಟಕ್ಕೆ ಆಳು ಸಿಗದಿರುವುದು. ಎಲ್ಲವೂ ನಿಜ. ನಿಮ್ಮೊಳಗಿನದು ಯಾವುದು ಎಂದು ಮತ್ತೆ ಕೇಳಿದ ಮೇಲೆ ಬರೆದರು: “ಎರಡನೇ ಪತ್ರಿಕೆಯ ಮಾನಸಿಕ ಸಾಮರ್ಥ್ಯದ ಲೆಕ್ಕ ಕಂಡರೆ ಪುಟ ತಿರುಗಿಸುತ್ತೇನೆ.”

ಆ ಒಂದು ಸಾಲಿನ ಮೇಲೆ ಸಲಹೆಯನ್ನೆಲ್ಲ ಕಟ್ಟಿದೆವು. ಪುಟ ತಿರುಗಿಸಬೇಕೆನಿಸಿದ ಕೂಡಲೇ ಆ ಲೆಕ್ಕವನ್ನು ಕೈಯಲ್ಲಿ ಹಾಳೆಗೆ ಬರೆದುಕೊಳ್ಳಬೇಕು. ಬಿಡಿಸಲೇಬೇಕೆಂದಿಲ್ಲ, ಬರೆದುಕೊಂಡರೆ ಸಾಕು. ಗುರಿ ಸ್ಪಷ್ಟವೂ ತುಸು ಕಠಿಣವೂ ಆಗಿದ್ದರೆ ‘ಆದಷ್ಟು ಮಾಡುತ್ತೇನೆ’ ಎನ್ನುವುದಕ್ಕಿಂತ ಹೆಚ್ಚು ಕೆಲಸ ಸಾಗುತ್ತದೆ ಎಂಬುದು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಸಂಶೋಧನೆಯಿಂದ ತೋರಿಸಿದ ಸಂಗತಿ. ಆದರೆ ಹೊಸತನ್ನು ಕಲಿಯುವ ಹಂತದಲ್ಲಿ ಅಂಕದ ಗುರಿಗಿಂತ ಕಲಿಕೆಯ ಗುರಿಯೇ ಒಳ್ಳೆಯದು. ಹಾಗಾಗಿ ಅವರು ಓದುವ ಕೋಣೆಯ ಗೋಡೆಗೆ ಬರೆದು ಹಾಕಿದ್ದ ‘ಅಧಿಕಾರಿಯಾಗುವುದು’ ಎಂಬ ಗುರಿ ಗೋಡೆಯ ಮೇಲೆಯೇ ಉಳಿಯಿತು. ದಿನದ ಗುರಿಯಾಗಿ ಬೆಳಗಿನ ಒಂದೂವರೆ ಗಂಟೆ, ಐದು ಲೆಕ್ಕ, ವಾರದ ಗುರಿಯಾಗಿ ಪ್ರತಿ ಮಂಗಳವಾರ ಒಂದು ಹಳೆಯ ಪತ್ರಿಕೆ, ಎರಡು ಗಂಟೆಯಲ್ಲಿ ನೂರು ಪ್ರಶ್ನೆ ಎಂದು ನಿಗದಿಯಾಯಿತು. ಕಾಫಿ ಕುಯ್ಲು ಶುರುವಾಗುವ ಹೊತ್ತಿನಲ್ಲಿ ದಿನಕ್ಕೆ ಎಂಟು ಗಂಟೆ ಓದುತ್ತೇನೆಂದು ಅವರು ಪಟ್ಟು ಹಿಡಿದರು, ನಾನು ಒಪ್ಪಲಿಲ್ಲ. ಗೋಡೆಯ ಬರಹವನ್ನು ಕಿತ್ತುಹಾಕಿ ಎಂದೂ ಹೇಳಲಿಲ್ಲ. ವೃತ್ತಿಯ ಆರಂಭದಲ್ಲಿ ಒಬ್ಬರಿಗೆ ಹಾಗೆ ಹೇಳಿ, ಅವರು ಮತ್ತೆ ನನ್ನತ್ತ ಬಾರದಂತಾಗಿತ್ತು.

ಇಪ್ಪತ್ತೊಂದು ಸಲದ ವಾಕ್ಯದ ಬದಲು ಪುಟಕ್ಕೊಂದು ಸಾಲು: ಹೋದ ವಾರ ಬಾರದೆ ಇದ್ದು ಈ ವಾರ ಬಂದ ಲೆಕ್ಕ ಯಾವುದು? ಏನೂ ಇಲ್ಲದ ದಿನ ಖಾಲಿ ಬಿಡುವುದು.

ತಾಯಿಯೊಂದಿಗೆ ಪ್ರತ್ಯೇಕವಾಗಿ ಮಾತಾಡಿದೆ. ಮಗನನ್ನು ನೆಂಟರೆದುರು ‘ನಮ್ಮ ಸಾಹೇಬ್ರು’ ಎಂದು ಕರೆಯುವುದನ್ನು ಸದ್ಯಕ್ಕೆ ನಿಲ್ಲಿಸಿ ಎಂದಾಗ ಅವರಿಗೆ ನೋವಾಯಿತು. “ಆಸೆ ಇಟ್ಟುಕೊಳ್ಳೋದೂ ತಪ್ಪಾ?” ಎಂದರು. ತಪ್ಪಲ್ಲ, ಆದರೆ ಆ ಹೆಸರನ್ನು ಹೊರುವುದು ಮಗನಿಗೆ ಭಾರವಾಗಿದೆ ಎಂದೆ. ಎಷ್ಟು ಬಾರಿ ಪರೀಕ್ಷೆ ಬರೆಯುವುದು, ಆಮೇಲೆ ತೋಟ ಮತ್ತು ಮೆಣಸಿನ ವ್ಯವಹಾರವನ್ನೇ ಪೂರ್ಣಾವಧಿ ಮಾಡುವುದೋ ಎಂಬುದನ್ನು ತಾಯಿ, ಮಗ ಕೂತು ತಾರೀಖು ಹಾಕಿ ಬರೆದುಕೊಳ್ಳಲಿ ಎಂದು ಸೂಚಿಸಿದೆ. ಮೂರು ವಾರ ತಡವಾಗಿ ಬರೆದರು.

ಮೊದಲ ಪತ್ರಿಕೆಯನ್ನು ಅವರು ಅರ್ಧಕ್ಕೇ ಬಿಟ್ಟರು. ಎರಡನೆಯ ವಾರ ಕುಯ್ಲಿನ ದಣಿವಿನಲ್ಲಿ ಕೂರಲೇ ಇಲ್ಲ. ಮೂರನೆಯದನ್ನು ಮುಗಿಸಿ, ಬಂದ ಅಂಕವನ್ನು ಮುಚ್ಚಿಡದೆ ನನಗೆ ತೋರಿಸಿದರು. ಹೇಳಿಕೊಳ್ಳುವಂಥ ಅಂಕವಲ್ಲ. ಆ ರಾತ್ರಿ ನಿದ್ದೆ ಬಂತು ಎಂದರು. ಪರೀಕ್ಷೆ ಇನ್ನೂ ಮುಂದಿದೆ, ಫಲಿತಾಂಶದ ಬಗ್ಗೆ ನಾನೇನೂ ಹೇಳಲಾರೆ. ಮಾರ್ಚ್‌ನಲ್ಲಿ ಮುಂದಿನ ಭೇಟಿಯನ್ನು ಮಂಗಳವಾರಕ್ಕೆ ಬರೆದುಕೊಳ್ಳಹೋದಾಗ ಅವರು ತಡೆದರು: “ಮಂಗಳವಾರ ಬೇಡ ಮೇಡಂ, ಅವತ್ತು ಪತ್ರಿಕೆ ಇದೆ.” ಬುಧವಾರಕ್ಕೆ ಬದಲಿಸಿದೆ.